ಕಾರಿಗೆ ಜ್ವರ ಬಂದಾಗ

ಮೈ ಸುಡುತ್ತಿದೆಯೆಂದು ಬಂದ ರೋಗಿಗೆ ಅನುಭವಸ್ಥ ವೈದ್ಯನು ಕೂಡಲೇ ಔಷಧಿ ಬರೆದುಕೊಡುವುದಿಲ್ಲ. “ಜ್ವರ ಯಾವ ಹೊತ್ತಿನಲ್ಲಿ ಏರುತ್ತದೆ? ದಿನವೂ ಬರುತ್ತದೆಯೆ, ದಿನ ಬಿಟ್ಟು ದಿನವೆ? ಚಳಿ ಉಂಟೆ?” ಎಂದು ವಿಚಾರಿಸುತ್ತಾನೆ. ಜ್ವರವು ತಾನೇ ರೋಗವಲ್ಲ, ಒಳಗೆ ಅಡಗಿದ ರೋಗವೊಂದರ ಸೂಚನೆ ಮಾತ್ರವೆಂಬುದು ಅವನಿಗೆ ಗೊತ್ತು. ಮೋಟಾರು ಕಾರಿನ ಎಂಜಿನ್ನು ಮಿತಿಮೀರಿ ಬಿಸಿಯಾಗುವುದೂ ಇಂತಹುದೇ ಒಂದು ಜ್ವರ. ಆದರೆ ಕಾರಿನ ಒಡೆಯರಲ್ಲಿ ಬಹು ಮಂದಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. “ಗಾಡಿ ಹೀಟ್ ಆಗುತ್ತದೆ, ಏನಿದೆಯೋ ನೋಡಿ ಸರಿಮಾಡಿ” ಎಂದು ಬೀಗದ ಕೈಯನ್ನು ಗ್ಯಾರೇಜಿನವನ ಕೈಗೆ ಹಾಕಿ ಮನೆಗೆ ಬರುತ್ತಾರೆ. ಮೊದಲನೆಯ ಸಲ ರೇಡಿಯೇಟರು ಬದಲಾಗುತ್ತದೆ. ಎರಡನೆಯ ಸಲ ವಾಟರ್ ಪಂಪು. ಮೂರನೆಯ ಸಲಕ್ಕೆ ಹೆಡ್ಡನ್ನೇ ಬಿಚ್ಚುತ್ತಾರೆ. ಇಷ್ಟೆಲ್ಲ ಆದ ಮೇಲೆ, ಕೆಲವೇ ರೂಪಾಯಿಗಳ ಫ್ಯೂಸೊಂದು ಸುಟ್ಟುಹೋಗಿ ಫ್ಯಾನು ತಿರುಗದಿದ್ದುದೇ ಮೂಲ ಕಾರಣವೆಂದು ತಿಳಿದುಬಂದ ಪ್ರಸಂಗಗಳು ಗ್ಯಾರೇಜುಗಳ ಲೋಕದಲ್ಲಿ ಅಪರೂಪವಲ್ಲ.

ಎಂಜಿನ್ನು ಬಿಸಿಯಾಗುವುದು ಅದರ ಹುಟ್ಟುಗುಣ. ಒಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ. ಆ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು, ಹಲವು ವೇಳೆ ಅದಕ್ಕಿಂತಲೂ ಕಡಿಮೆ, ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಮಿಕ್ಕುದರಲ್ಲಿ ಒಂದು ದೊಡ್ಡ ಪಾಲು ಹೊಗೆಯ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ಎಂಜಿನ್ನಿನ ಗೋಡೆಗಳೊಳಗೆ ಹರಿಯುವ ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ನೀರು ಕಡಿಮೆಯಾಗಲಿ, ಅದು ಹರಿಯದೆ ನಿಲ್ಲಲಿ, ಅಥವಾ ಗಾಳಿ ಬೀಸದಿರಲಿ, ಶಾಖವು ಹೋಗಲು ದಾರಿಯಿಲ್ಲದೆ ಲೋಹದಲ್ಲಿಯೇ ಸೇರುತ್ತದೆ. ಎಂಜಿನ್ನಿನ ಜ್ವರಕ್ಕೆಲ್ಲ ಮೂಲ ಈ ಮೂರರಲ್ಲಿ ಒಂದು.

ಈ ತೊಂದರೆ ಕಾರಿನಷ್ಟೇ ಹಳೆಯದು. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ರಚಿಸಿದ ಮೂರು ಚಕ್ರದ ಮೋಟಾರು ಗಾಡಿಗೆ ರೇಡಿಯೇಟರು ಇರಲಿಲ್ಲ. ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುವುದೇ ಅದನ್ನು ತಣ್ಣಗಿಡುವ ಉಪಾಯವಾಗಿತ್ತು. 1888ರ ಆಗಸ್ಟಿನಲ್ಲಿ ಆತನ ಪತ್ನಿ ಬರ್ಥಾ ಬೆಂಜ್ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕರೆದುಕೊಂಡು, ಆ ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯುದ್ದಕ್ಕೂ ಆ ತಾಯಿಮಕ್ಕಳಿಗೆ ನೀರು ಹುಡುಕುವುದೇ ಒಂದು ಕೆಲಸವಾಯಿತು. ನೀರು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ತುಂಬಿಕೊಳ್ಳಬೇಕಾಯಿತು. ಈ ಬಾಯಾರಿಕೆಯನ್ನು ತೀರಿಸಿದವನು ವಿಲ್ಹೆಲ್ಮ್ ಮೇಬ್ಯಾಕ್. 1901ರ ಮರ್ಸಿಡಿಸ್ ಕಾರಿಗಾಗಿ ಆತನು ರೂಪಿಸಿದ ಜೇನುಗೂಡಿನಂತಹ ರೇಡಿಯೇಟರಿನಲ್ಲಿ ಆರು ಮಿಲಿಮೀಟರು ಅಗಲದ 8,070 ಪುಟ್ಟ ಚೌಕ ಕೊಳವೆಗಳಿದ್ದವು. ನೀರು ತೆಳುವಾಗಿ ಹರಡಿಕೊಂಡು ಹೆಚ್ಚು ಗಾಳಿಯನ್ನು ಸೋಕುವಂತಾದುದರಿಂದ, 35 ಅಶ್ವಶಕ್ತಿಯ ಎಂಜಿನ್ನಿಗೆ ಒಂಬತ್ತು ಲೀಟರು ನೀರು ಸಾಕಾಯಿತು. ಇಂದಿನ ರೇಡಿಯೇಟರುಗಳ ಆಕಾರ ಬೇರೆಯಾದರೂ ತತ್ತ್ವ ಅದೇ.

ಮೇಬ್ಯಾಕನ ಕಾಲದ ನಂತರ ಬಂದ ಒಂದು ಸುಧಾರಣೆಯನ್ನು ಅಡುಗೆಮನೆಯ ಅನುಭವವುಳ್ಳವರು ಸುಲಭವಾಗಿ ಗ್ರಹಿಸಬಲ್ಲರು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನೊಳಗೆ ಹಾಗಲ್ಲ. ಒತ್ತಡದಿಂದ ಕುದಿಯುವ ಮಟ್ಟವು 120 ಡಿಗ್ರಿಯ ಹತ್ತಿರಕ್ಕೆ ಏರಿ ಬೇಳೆ ಬೇಗ ಬೇಯುತ್ತದೆ. ಕಾರಿನ ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ವೆಯ್ಟಿನಂತೆ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಆದುದರಿಂದಲೇ ಎಂಜಿನ್ನು 100 ಡಿಗ್ರಿಯ ಆಸುಪಾಸಿನಲ್ಲಿ ಓಡುತ್ತಿದ್ದರೂ ಒಳಗಿನ ನೀರು ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಸವೆದು ಒತ್ತಡ ಸೋರಿಹೋದರೆ ಮಿಕ್ಕೆಲ್ಲವೂ ಸರಿಯಾಗಿದ್ದಾಗಲೂ ನೀರು ಕುದಿದು ಹೊರಗೆ ಚೆಲ್ಲುತ್ತದೆ. ಬೆಲೆಯಲ್ಲಿ ಇಷ್ಟು ಅಗ್ಗವಾದ, ಪರೀಕ್ಷೆಯಲ್ಲಿ ಇಷ್ಟು ಅಲಕ್ಷ್ಯಕ್ಕೆ ಗುರಿಯಾದ ಭಾಗ ಇನ್ನೊಂದಿಲ್ಲ.

ಇದೇ ಮುಚ್ಚಳವು ಅಪಾಯದ ಸ್ಥಾನವೂ ಹೌದು. ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಏರುತ್ತಿರುವ ಕಾರೊಂದನ್ನು ಊಹಿಸಿಕೊಳ್ಳಬಹುದು. ಒಳಗೆ ಐದು ಜನ, ಹಿಂದೆ ಗಂಟುಮೂಟೆ, ಹವಾನಿಯಂತ್ರಣ ಪೂರ್ಣ ವೇಗದಲ್ಲಿ. ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ, ಅಥವಾ ಮುಳ್ಳಿಲ್ಲದ ಕಾರುಗಳಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. “ಇನ್ನು ನಾಲ್ಕೇ ತಿರುವು, ಮೇಲೆ ಹೋಗಿ ನಿಲ್ಲಿಸೋಣ” ಎಂಬ ಮಾತು ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಆ ನಾಲ್ಕು ತಿರುವುಗಳಲ್ಲಿಯೇ ಎಂಜಿನ್ನಿನ ಹಣೆಬರಹ ನಿರ್ಣಯವಾಗಿಬಿಡಬಹುದು. ಇಂದಿನ ಎಂಜಿನ್ನುಗಳ ಹೆಡ್ಡು ಅಲ್ಯೂಮಿನಿಯಮ್ಮಿನದು. ಅದು ಮಿತಿಮೀರಿ ಕಾದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಬಾಗಿದರೂ ಸಾಕು, ಕೆಳಗಿನ ಗ್ಯಾಸ್ಕೆಟ್ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಕೆಲವು ನೂರು ರೂಪಾಯಿಗಳ ರಬ್ಬರು ಹೋಸಿನಿಂದ ಆರಂಭವಾದುದು ಹಲವು ಸಾವಿರಗಳ ವೆಚ್ಚದಲ್ಲಿ ಕೊನೆಗಾಣುವುದು ಹೀಗೆ.

ಕೆಂಪು ಕಂಡೊಡನೆ ಮಾಡಬೇಕಾದುದು ಇಷ್ಟು. ಹವಾನಿಯಂತ್ರಣವನ್ನು ನಿಲ್ಲಿಸಿ, ಹೀಟರನ್ನು ಪೂರ್ತಿಯಾಗಿ ತೆರೆದು, ಅದರ ಫ್ಯಾನನ್ನು ಜೋರಾಗಿಡಬೇಕು. ಒಳಗೆ ಕುಳಿತವರು ಬೆವರುವರು, ಬೈಯುವರು. ಆದರೆ ಹೀಟರು ಎಂಬುದು ಇನ್ನೊಂದು ಚಿಕ್ಕ ರೇಡಿಯೇಟರೇ ಆಗಿರುವುದರಿಂದ ಎಂಜಿನ್ನಿನ ಶಾಖದಲ್ಲಿ ಒಂದಿಷ್ಟು ಆ ಮೂಲಕ ಹೊರಬೀಳುತ್ತದೆ. ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತಹ ಸುರಕ್ಷಿತ ಸ್ಥಳ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಆಮೇಲೆ ಕಾಯಬೇಕು. ಅರ್ಧ ಗಂಟೆ ಅತಿ ಕಡಿಮೆ. ಒಂದು ಗಂಟೆಯಾದರೆ ಒಳ್ಳೆಯದು. ಜನರಿಗೆ ಸಾಧ್ಯವಾಗದಿರುವುದು ಈ ಕಾಯುವಿಕೆಯೇ. ಬಾನೆಟ್ಟಿನ ಕೆಳಗಿನಿಂದ ಆವಿ ಏಳುತ್ತಿರುವಾಗಲೇ ಕರವಸ್ತ್ರವನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸುವ ಶೂರರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಒತ್ತಡ ಇಳಿದ ಮರುಕ್ಷಣವೇ, ಕುದಿಯದೆ ತಡೆದುಕೊಂಡಿದ್ದ ಬಿಸಿನೀರು ಒಮ್ಮೆಲೇ ಆವಿಯಾಗಿ ಬುಗ್ಗೆಯಂತೆ ಮುಖಕ್ಕೆ ಚಿಮ್ಮುತ್ತದೆ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ಎಳೆದು ತೆಗೆಯಳು. ಆ ವಿವೇಕ ರಸ್ತೆಯ ಬದಿಯಲ್ಲಿ ಏಕೆ ಮಾಯವಾಗುವುದೋ ತಿಳಿಯದು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದು ಇನ್ನೊಂದು ಅವಿವೇಕ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದಂತೆ ಲೋಹವೂ ಬಿರುಕು ಬಿಡಬಹುದು.

ಎಲ್ಲವೂ ತಣಿದು, ಮೇಲಿನ ಹೋಸನ್ನು ಕೈಯಿಂದ ಹಿಸುಕಿದರೆ ಮೆತ್ತಗೆ ಬಗ್ಗುವಂತಾದ ಮೇಲೆ, ದಪ್ಪ ಬಟ್ಟೆಯನ್ನು ಹೊದಿಸಿ, ಮುಖವನ್ನು ದೂರವಿಟ್ಟು, ಮುಚ್ಚಳವನ್ನು ಸ್ವಲ್ಪವೇ ಸಡಿಲಿಸಿ ಉಳಿದ ಒತ್ತಡ ಹೋಗಲು ಬಿಡಬೇಕು. ಕುಡಿಯುವ ನೀರಾದರೂ ಸರಿ, ನಿಧಾನವಾಗಿ ತುಂಬಿದರೆ ಹತ್ತಿರದ ಗ್ಯಾರೇಜಿನವರೆಗೆ ಸಾಗಬಹುದು. ಸುರಿದ ನೀರೆಲ್ಲ ಕೆಳಗಿನಿಂದ ಹರಿದುಹೋಗುತ್ತಿದ್ದರೆ ಮಾತ್ರ ಹೊರಡಲೇಬಾರದು. ಎಳೆದೊಯ್ಯುವ ಗಾಡಿಯ ಬಾಡಿಗೆ ಹೊಸ ಎಂಜಿನ್ನಿಗಿಂತ ಅಗ್ಗ.

ಪ್ರಾಣಕ್ಕೂ ಎಂಜಿನ್ನಿಗೂ ಬಂದ ಗಂಡಾಂತರ ಕಳೆದ ಮೇಲೆ ರೋಗನಿದಾನ. ಇಲ್ಲಿಯೇ ವೈದ್ಯನ ಪ್ರಶ್ನೆ ಉಪಯೋಗಕ್ಕೆ ಬರುವುದು: ಜ್ವರ ಏರಿದ್ದು ಯಾವಾಗ?

ಸಿಗ್ನಲ್ಲಿನಲ್ಲಿ ನಿಂತಾಗ, ಬೆಂಗಳೂರಿನ ಹೊರವರ್ತುಲ ರಸ್ತೆಯ ಸಂದಣಿಯಲ್ಲಿ ತೆವಳುವಾಗ ಬಿಸಿಯಾಗಿ, ಬಯಲು ರಸ್ತೆಯಲ್ಲಿ ವೇಗ ಹೆಚ್ಚಿದೊಡನೆ ತಾನಾಗಿಯೇ ಇಳಿಯುತ್ತಿದ್ದರೆ, ನೀರಿನ ಮೇಲೆ ಅನುಮಾನಪಡುವುದಕ್ಕೆ ಮೊದಲು ಗಾಳಿಯ ಮೇಲೆ ಅನುಮಾನಪಡಬೇಕು. ಓಡುವ ಕಾರಿಗೆ ಗಾಳಿ ತಾನಾಗಿ ಒದಗುತ್ತದೆ. ನಿಂತ ಕಾರಿಗೆ ಫ್ಯಾನೊಂದೇ ಗತಿ. ಇದನ್ನು ಮನೆಯ ಮುಂದೆಯೇ ಪರೀಕ್ಷಿಸಬಹುದು. ಎಂಜಿನ್ನನ್ನು ಓಡಿಸಿ ಹವಾನಿಯಂತ್ರಣವನ್ನು ಹಾಕಿದರೆ, ಬಹುತೇಕ ಕಾರುಗಳಲ್ಲಿ ರೇಡಿಯೇಟರಿನ ಫ್ಯಾನು ಸ್ವಲ್ಪ ಹೊತ್ತಿನಲ್ಲಿಯೇ ತಿರುಗತೊಡಗಬೇಕು. ತಿರುಗದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ತಂತಿಯ ಜೋಡಣೆ, ಕಡೆಯಲ್ಲಿ ಮೋಟಾರು, ಹೀಗೆ ಅಗ್ಗದ್ದರಿಂದ ದುಬಾರಿಯದರ ಕಡೆಗೆ ಹೋಗಬೇಕು. ಹವಾನಿಯಂತ್ರಣಕ್ಕೆ ತಿರುಗುವ ಫ್ಯಾನು, ಅದನ್ನು ಆರಿಸಿದಾಗ ಎಂಜಿನ್ನು 100 ಡಿಗ್ರಿ ದಾಟಿದರೂ ತಿರುಗದಿದ್ದರೆ ಉಷ್ಣತೆಯನ್ನು ತಿಳಿಸುವ ಸೆನ್ಸರು ಕೆಟ್ಟಿರಬಹುದು. ಪರೀಕ್ಷಿಸುವವರು ಒಂದು ಮಾತು ನೆನಪಿಡಬೇಕು: ವಿದ್ಯುತ್ತಿನ ಫ್ಯಾನು ಎಂಜಿನ್ನು ಆರಿದ ಮೇಲೂ ಇದ್ದಕ್ಕಿದ್ದಂತೆ ತಿರುಗಬಹುದು. ಬೆರಳು, ಸೀರೆಯ ಸೆರಗು, ಮಕ್ಕಳ ಕುತೂಹಲ ಇವುಗಳನ್ನು ಅದರಿಂದ ದೂರವಿಡಬೇಕು.

ಫ್ಯಾನು ಸರಿಯಾಗಿದ್ದರೆ ರೇಡಿಯೇಟರಿನ ಮುಂಭಾಗವನ್ನು ಬೆಳಕು ಬಿಟ್ಟು ನೋಡಬೇಕು. ಹವಾನಿಯಂತ್ರಣದ ಕಂಡೆನ್ಸರು ಅದರ ಮುಂದೆ ನಿಂತಿರುತ್ತದೆ. ಇವೆರಡರ ನಡುವೆ ಧೂಳು, ಒಣ ಎಲೆ, ಸತ್ತ ಹುಳುಗಳು ಸೇರಿ ಕಂಬಳಿಯಂತೆ ಹೊದ್ದಿರುವುದುಂಟು. ಇದನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರಾದ ನೀರಿನ ಹೊಡೆತಕ್ಕೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು, ಕೊಳೆ ಹೋದರೂ ಗಾಳಿಗೆ ದಾರಿ ಮುಚ್ಚಿಹೋಗುತ್ತದೆ.

ಊರೊಳಗೆ ಸುಖವಾಗಿದ್ದು ಹೆದ್ದಾರಿಯಲ್ಲಿ, ಇಲ್ಲವೆ ಘಾಟಿಯ ಏರಿನಲ್ಲಿ ಮಾತ್ರ ಬಿಸಿಯಾದರೆ ಕಥೆ ಬೇರೆ. ಅಲ್ಲಿ ಶಾಖ ಹೆಚ್ಚು. ಅದನ್ನು ಹೊರುವಷ್ಟು ನೀರು ಹರಿಯುತ್ತಿಲ್ಲವೆಂದು ಅರ್ಥ. ರೇಡಿಯೇಟರಿನ ಕೊಳವೆಗಳ ಒಳಗೆ ಹೆಕ್ಕಳೆ ಕಟ್ಟಿರಬಹುದು, ವಾಟರ್ ಪಂಪಿನ ರೆಕ್ಕೆಗಳು ಸವೆದಿರಬಹುದು, ಅಥವಾ ಹಳೆಯದಾಗಿ ಮೆತ್ತಗಾದ ಕೆಳಗಿನ ಹೋಸು ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಈ ಕಡೆಯ ಕಾರಣವು ನಿಂತ ಕಾರಿನಲ್ಲಿ ಕಾಣಿಸದು. ಒಬ್ಬರು ಆಕ್ಸಿಲರೇಟರನ್ನು ಒತ್ತಿ, ಇನ್ನೊಬ್ಬರು ಹೋಸನ್ನು ನೋಡುತ್ತಿದ್ದರೆ ಮಾತ್ರ ತಿಳಿಯುತ್ತದೆ. ಗ್ಯಾರೇಜಿನಲ್ಲಿ ಉಷ್ಣತೆ ಅಳೆಯುವ ಚಿಕ್ಕ ಉಪಕರಣವನ್ನು ರೇಡಿಯೇಟರಿನ ಉದ್ದಕ್ಕೂ ಹಿಡಿದು ನೋಡಿದರೆ, ನೀರು ಹರಿಯದ ಭಾಗಗಳು ತಣ್ಣಗಿರುವುದರಿಂದ ಗುಟ್ಟು ಬಯಲಾಗುತ್ತದೆ.

ಕಾರು ಹೊರಟು ಕೆಲವೇ ನಿಮಿಷಗಳಲ್ಲಿ ಮುಳ್ಳು ಮೇಲೇರಿದರೆ, ನೀರಿನ ಮಟ್ಟ ಸರಿಯಾಗಿಯೇ ಇದ್ದರೆ, ಥರ್ಮೋಸ್ಟಾಟಿನ ಕಡೆಗೆ ನೋಡಬೇಕು. ಎಂಜಿನ್ನಿನ ಕಡೆಯ ಹೋಸು ಮುಟ್ಟಲಾಗದಷ್ಟು ಸುಡುತ್ತಿದ್ದು ರೇಡಿಯೇಟರಿನ ಕಡೆಯದು ತಣ್ಣಗಿದ್ದರೆ, ನಡುವಿನ ಬಾಗಿಲು ತೆರೆದಿಲ್ಲವೆಂಬುದು ಬಹುಮಟ್ಟಿಗೆ ಖಚಿತ. ಬ್ಯಾಟರಿಯ ದೀಪವೂ ಉಷ್ಣತೆಯ ಮುಳ್ಳೂ ಒಟ್ಟಿಗೆ ಎಚ್ಚರಿಕೆ ಕೊಟ್ಟರೆ ಬೆಲ್ಟು ಹರಿದಿರುವ ಸಂಭವ ಹೆಚ್ಚು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಒಂದೇ ಬೆಲ್ಟು ಪಂಪನ್ನೂ ಫ್ಯಾನನ್ನೂ ವಿದ್ಯುತ್ತಿನ ಯಂತ್ರವನ್ನೂ ತಿರುಗಿಸುತ್ತಿದ್ದುದರಿಂದ ಹಳೆಯ ಚಾಲಕರಿಗೆ ಇದು ಬಾಯಿಪಾಠವಾಗಿತ್ತು. ಕೆಂಪನ್ನು ಮುಟ್ಟಿದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಂತೋಷಪಡಬಾರದು. ನೀರೆಲ್ಲ ಹೋಗಿ, ಉಷ್ಣತೆ ಅಳೆಯುವ ಭಾಗವು ಬರಿಯ ಗಾಳಿಯಲ್ಲಿ ನಿಂತಿರಬಹುದು.

ಥರ್ಮೋಸ್ಟಾಟಿನ ಮಾತು ಬಂದುದರಿಂದ ಅದರ ಮೇಲೆ ನಡೆಯುತ್ತಿರುವ ಅನ್ಯಾಯವನ್ನೂ ಹೇಳಬೇಕು. ಮೇಣ ತುಂಬಿದ ಈ ಪುಟ್ಟ ಕವಾಟವು ಎಂಜಿನ್ನು ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಸುಮಾರು 82ರಿಂದ 88 ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗಿದಾಗ ತೆರೆದು, ನೀರನ್ನು ರೇಡಿಯೇಟರಿಗೆ ಬಿಡುತ್ತದೆ. “ನಮ್ಮದು ಬಿಸಿ ದೇಶ ಸ್ವಾಮಿ, ಇದು ಬೇಕಾಗಿಲ್ಲ” ಎಂದು ಹೇಳಿ ಇದನ್ನು ಕಿತ್ತು ಎಸೆಯುವ ಮಿಸ್ತ್ರಿಗಳಿದ್ದಾರೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತಾಯಿತು! ಕವಾಟವಿಲ್ಲದ ಎಂಜಿನ್ನು ಬೇಕಾದ ಶಾಖಕ್ಕೆ ಬೇಗ ಏರದೆ ಹೆಚ್ಚು ಪೆಟ್ರೋಲನ್ನು ಕುಡಿಯುತ್ತದೆ, ಬೇಗ ಸವೆಯುತ್ತದೆ. ಅಷ್ಟೇ ಅಲ್ಲ, ಕೆಲವು ಎಂಜಿನ್ನುಗಳಲ್ಲಿ ಈ ಕವಾಟವು ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದುಬಿಟ್ಟರೆ ನೀರು ಅಡ್ಡದಾರಿಯಲ್ಲಿಯೇ ಸುತ್ತುತ್ತಿದ್ದು, ತಣಿಯಬೇಕಾದ ಎಂಜಿನ್ನು ಮತ್ತಷ್ಟು ಕಾಯುತ್ತದೆ. ಕವಾಟ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ನೋಡಲು ದೊಡ್ಡ ಯಂತ್ರ ಬೇಡ. ಅದನ್ನು ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿದರೆ, ನೀರು ಕುದಿಯುವುದಕ್ಕೆ ಮೊದಲೇ ಬಾಯಿ ತೆರೆಯಬೇಕು; ಒಲೆ ಆರಿಸಿದ ಮೇಲೆ ಮತ್ತೆ ಮುಚ್ಚಿಕೊಳ್ಳಬೇಕು. ಪಾತ್ರೆ ಮಾತ್ರ ಅಡುಗೆಯದಾಗಿರಕೂಡದು. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಯಾವ ಹೊತ್ತೆಂದಿಲ್ಲದೆ ಮೆಲ್ಲಮೆಲ್ಲನೆ ನೀರು ಕಡಿಮೆಯಾಗುತ್ತಿದ್ದರೆ ಸೋರಿಕೆಯನ್ನು ಹುಡುಕಬೇಕು. ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸಿಟ್ಟರೆ ಬೆಳಿಗ್ಗೆ ಕಲೆ ಸಾಕ್ಷಿ ಹೇಳುತ್ತದೆ. ಹವಾನಿಯಂತ್ರಣದಿಂದ ತೊಟ್ಟಿಕ್ಕುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕಾಗಿ ಗಾಬರಿ ಬೇಡ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ, ಮುಟ್ಟಿದರೆ ಜಾರುವ ದ್ರವವಾದರೆ ಅದು ಎಂಜಿನ್ನಿನದೇ. ಹೋಸಿನ ಕೊನೆಗಳಲ್ಲಿ, ಪಂಪಿನ ಕೆಳಗೆ, ರೇಡಿಯೇಟರಿನ ಪ್ಲಾಸ್ಟಿಕ್ಕಿನ ತೊಟ್ಟಿಯ ಅಂಚಿನಲ್ಲಿ ಒಣಗಿದ ಬಣ್ಣದ ಪುಡಿ ಕಂಡರೆ ಕಳ್ಳ ಅಲ್ಲಿದ್ದಾನೆ. ಕಾರಿನೊಳಗೆ ಸಿಹಿಯಾದ ವಾಸನೆ ಬಂದು, ಮುಂದಿನ ಗಾಜು ಮಬ್ಬಾಗಿ, ಕಾಲ ಬಳಿಯ ಹಾಸು ಒದ್ದೆಯಾಗಿದ್ದರೆ ಹೀಟರಿನೊಳಗೆ ಸೋರಿಕೆ. ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಕೈಪಂಪಿನಿಂದ ಒತ್ತಡ ಹಾಕಿ ಪರೀಕ್ಷಿಸಿ ಎಂದು ಕೇಳಬೇಕು. ಕೇಳಿ ಮಾಡಿಸಬೇಕಾದ ಪರೀಕ್ಷೆ ಇದು. ತಾನಾಗಿ ಮಾಡುವವರು ವಿರಳ.

ಹೊರಗೆಲ್ಲೂ ಸೋರದೆ ನೀರು ಮಾಯವಾಗುತ್ತಿದ್ದರೆ ಅದು ಎಂಜಿನ್ನಿನೊಳಗೇ ಹೋಗುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆ, ರೇಡಿಯೇಟರಿನಲ್ಲಿ ಎಡೆಬಿಡದೆ ಏಳುವ ಗುಳ್ಳೆಗಳು, ತಣ್ಣನೆಯ ಎಂಜಿನ್ನನ್ನು ಓಡಿಸಿದ ಕೂಡಲೇ ಕಲ್ಲಿನಂತೆ ಬಿಗಿಯುವ ಹೋಸು, ಆಯಿಲು ಅಳೆಯುವ ಕಡ್ಡಿಯ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು, ಇವು ಹೆಡ್ ಗ್ಯಾಸ್ಕೆಟ್ ಹೋಗಿರುವುದರ ಲಕ್ಷಣಗಳು. ಆಗಲೂ ಹೆಡ್ಡು ಬಿಚ್ಚಿಸಲು ಅವಸರ ಬೇಡ. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿಯ ದ್ರಾವಣವೊಂದರ ಮೂಲಕ ಹಾಯಿಸುವ ಪರೀಕ್ಷೆಯುಂಟು. ಸುಟ್ಟ ಅನಿಲ ಬೆರೆತಿದ್ದರೆ ನೀಲಿ ಹಳದಿಯಾಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಇಷ್ಟು ರಕ್ತಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಹಣ ತೆರುವವನಿಗೆ ಇದ್ದೇ ಇದೆ. ಹೆಡ್ಡು ಬಿಚ್ಚಿದ ಮೇಲೆ ಅದರ ಸಮತಲವನ್ನು ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಹಣವೂ ಹೋಯಿತು, ರೋಗವೂ ಉಳಿಯಿತು.

ಕಡೆಗೆ ನೀರಿನ ವಿಷಯ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ, ನಲ್ಲಿಯ ನೀರೇ ಸಾಕು ಎಂಬ ವಾದ ಬಲವಾಗಿ ಬೇರೂರಿದೆ. ಕೊಳವೆಬಾವಿಯ ಗಡಸು ನೀರು ಸ್ನಾನದ ಮನೆಯ ಗೀಸರಿನ ಕಾಯಿಲ್ಲನ್ನು ಏನು ಮಾಡುತ್ತದೆಂಬುದನ್ನು ಒಮ್ಮೆ ನೋಡಿದವರು ಈ ಮಾತನ್ನು ಆಡಲಾರರು. ಅದೇ ಬಿಳಿಯ ಹೆಕ್ಕಳೆ ರೇಡಿಯೇಟರಿನ ಸೂಕ್ಷ್ಮ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಎಥಿಲಿನ್ ಗ್ಲೈಕಾಲನ್ನು ಶುದ್ಧೀಕರಿಸಿದ ನೀರಿನೊಡನೆ ಸಮಪಾಲಾಗಿ ಬೆರೆಸಿದ ಕೂಲೆಂಟ್ ಕುದಿಯುವ ಮಟ್ಟವನ್ನು ಇನ್ನಷ್ಟು ಮೇಲೇರಿಸುತ್ತದೆ. ಅದರಲ್ಲಿ ಸೇರಿಸಿರುವ ರಾಸಾಯನಿಕಗಳು ಲೋಹವನ್ನು ತುಕ್ಕಿನಿಂದ ಕಾಪಾಡುತ್ತವೆ. ಆ ರಾಸಾಯನಿಕಗಳಿಗೂ ಆಯುಸ್ಸುಂಟು. ಎಷ್ಟು ವರ್ಷಕ್ಕೆ ಬದಲಾಯಿಸಬೇಕು, ಯಾವ ಜಾತಿಯದು ಹಾಕಬೇಕು ಎಂಬುದನ್ನು ಕಾರಿನೊಡನೆ ಬಂದ ಕೈಪಿಡಿಯಲ್ಲಿ ನೋಡಬೇಕೇ ಹೊರತು ಬಣ್ಣವನ್ನು ನೋಡಿ ನಿರ್ಧರಿಸಬಾರದು. ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಗಳು ಬರುತ್ತವೆ.

ಈ ದ್ರವ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಅಪಾಯ ಬರಬಹುದು. ಥರ್ಮೋಸ್ಟಾಟನ್ನು ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದೆಂದುದು ಇದಕ್ಕಾಗಿಯೇ. ಉಳಿದ ಕೂಲೆಂಟನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು; ಕೆಳಗೆ ಚೆಲ್ಲಿದುದನ್ನು ಬೀದಿಯ ನಾಯಿ ನೆಕ್ಕುವ ಮೊದಲೇ ತೊಳೆಯಬೇಕು.

ಹೊಸದಾಗಿ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಮಿಕ್ಕೆಲ್ಲ ಕೆಲಸದಷ್ಟೇ ಮುಖ್ಯ. ದುರಸ್ತಿ ಸರಿಯಾಗಿಯೇ ನಡೆದಿದ್ದರೂ ಒಂದು ಗಾಳಿಗುಳ್ಳೆ ಉಳಿದುಕೊಂಡು ಕಾರು ಮರುದಿನವೇ ಮತ್ತೆ ಕುದಿಯುವುದುಂಟು. ಹೀಟರನ್ನು ಬಿಸಿಯ ಕಡೆಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇರುವ ಕಾರುಗಳಲ್ಲಿ ಅದನ್ನು ಸಡಿಲಿಸಿ, ದ್ರವವನ್ನು ನಿಧಾನವಾಗಿ ಸುರಿಯಬೇಕು. ಎಂಜಿನ್ನನ್ನು ಓಡಿಸಿ, ಗುಳ್ಳೆಗಳು ನಿಂತ ಮೇಲೆಯೇ ಮುಚ್ಚಳ ಹಾಕಬೇಕು. ಫ್ಯಾನು ಎರಡು ಸಲ ತಾನಾಗಿ ತಿರುಗಿ ತಾನಾಗಿ ನಿಲ್ಲುವುದನ್ನು ಕಣ್ಣಾರೆ ನೋಡುವವರೆಗೆ ಕಾರನ್ನು ಗ್ಯಾರೇಜಿನಿಂದ ಹೊರಕ್ಕೆ ತರಬಾರದು. ಮರುದಿನ ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ತೊಟ್ಟಿಯ ಮೇಲಿನ ಎರಡು ಗೆರೆಗಳ ನಡುವೆ ಮಟ್ಟ ಎಲ್ಲಿದೆಯೆಂದು ನೋಡಬೇಕು. ಅಲ್ಪಸ್ವಲ್ಪ ಇಳಿದಿದ್ದರೆ ಗಾಳಿ ಹೊರಬಿದ್ದಿರುತ್ತದೆ, ಅಷ್ಟನ್ನು ತುಂಬಿದರಾಯಿತು. ಮೂರನೆಯ ದಿನವೂ ಇಳಿಯುತ್ತಿದ್ದರೆ ಹಳೆಯ ವೃತ್ತಪತ್ರಿಕೆಯನ್ನು ಮತ್ತೆ ಕಾರಿನ ಕೆಳಗೆ ಹಾಸಬೇಕು.